ಪೆನೈನ್ ಕಾಲುದಾರಿ

ಶಿವರಾತ್ರಿ ಸಮೀಪಿಸಿತೆಂದರೆ ಚಾರ್ಮಾಡಿ ಘಾಟಿಯ ಮಾರ್ಗವಾಗಿ ಧರ್ಮಸ್ಥಳಕ್ಕೆ ನಡೆದುಹೋಗುವ ಯಾತ್ರಿಕರನ್ನು ನಮ್ಮ ನಾಡಿನಲ್ಲಿ ಕಾಣುತ್ತೇವೆ. ಅವರ ನಡಿಗೆಗೆ ಭಕ್ತಿಯೇ ಪ್ರೇರಣೆ. ಜೊತೆಗಾರರ ತಂಡವೇ ಆಸರೆ. ಆದರೆ ಹರಕೆಯಾಗಲಿ ಮಾರ್ಗದರ್ಶಕನಾಗಲಿ ಇಲ್ಲದೆ, ಬೆಟ್ಟಬಯಲುಗಳನ್ನು ನೋಡುವ ಸಂತೋಷಕ್ಕಾಗಿಯೇ ವಾರಗಟ್ಟಲೆ ನಡೆಯುವವರೂ ಜಗತ್ತಿನಲ್ಲಿದ್ದಾರೆ. ರಜೆಯನ್ನು ಹೀಗೆ ಕಳೆಯುವ ಪದ್ಧತಿ ಇಂಗ್ಲೆಂಡಿನಲ್ಲಿ ಚೆನ್ನಾಗಿ ಬೆಳೆದಿದೆ. ಅಲ್ಲಿಯ ದೂರದ ಕಾಲುದಾರಿಗಳಲ್ಲಿ ಹೆಸರಾದುದು ‘ಪೆನೈನ್ ವೇ’.

ಉತ್ತರ ಇಂಗ್ಲೆಂಡಿನ ನಡುವೆ ಬೆನ್ನೆಲುಬಿನಂತೆ ಚಾಚಿಕೊಂಡಿರುವ ಬೆಟ್ಟಸಾಲಿಗೆ ಪೆನೈನ್ ಎಂದು ಹೆಸರು. ಡಾರ್ಬಿಷೈರಿನ ಈಡೇಲ್ ಎಂಬ ಹಳ್ಳಿಯಲ್ಲಿ ಆರಂಭವಾಗುವ ಈ ದಾರಿಯು 431 ಕಿಲೋಮೀಟರುಗಳಷ್ಟು ಸಾಗಿ, ಸ್ಕಾಟ್ಲೆಂಡಿನ ಗಡಿಯನ್ನು ದಾಟಿ, ಕರ್ಕ್ ಯೆಟಂ ಎಂಬ ಪುಟ್ಟ ಊರಿನಲ್ಲಿ ಮುಗಿಯುತ್ತದೆ. ಮ್ಯಾಲಂನಲ್ಲಿ ಸುಮಾರು 80 ಮೀಟರ್ ಎತ್ತರದ ಸುಣ್ಣಕಲ್ಲಿನ ಬಂಡೆ, ಟೀಸ್ ನದಿಯ ಹೈ ಫೋರ್ಸ್ ಜಲಪಾತ, 893 ಮೀಟರ್ ಎತ್ತರದ ಕ್ರಾಸ್ ಫೆಲ್ ಶಿಖರ, ರೋಮನ್ ಚಕ್ರವರ್ತಿ ಹೇಡ್ರಿಯನ್ ಕ್ರಿ.ಶ. 122ರಲ್ಲಿ ಕಟ್ಟಿಸತೊಡಗಿದ ಗಡಿಗೋಡೆ, ಇವೆಲ್ಲವೂ ಒಂದಾದ ಮೇಲೊಂದರಂತೆ ಪಥಿಕನ ಕಣ್ಣಿಗೆ ಬೀಳುತ್ತವೆ. ಕೊನೆಯವರೆಗೆ ನಡೆಯಲು ಸಾಮಾನ್ಯವಾಗಿ ಎರಡೂವರೆ ವಾರಗಳು ಬೇಕು.

ಈ ದಾರಿ ಸುಲಭವಾಗಿ ದೊರೆತುದಲ್ಲ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಆ ಬೆಟ್ಟಗಳ ಬಹುಭಾಗ ಜಮೀನ್ದಾರರ ಸ್ವತ್ತಾಗಿತ್ತು. ಗ್ರೌಸ್ ಎಂಬ ಹಕ್ಕಿಗಳ ಬೇಟೆಗಾಗಿ ಅವರು ಅದನ್ನು ಕಾಯ್ದಿರಿಸಿಕೊಂಡು, ಕಾವಲುಗಾರರನ್ನು ಇರಿಸಿದ್ದರು. ಮ್ಯಾಂಚೆಸ್ಟರಿನ ಗಿರಣಿ ಕಾರ್ಖಾನೆಗಳ ಹೊಗೆಯಲ್ಲಿ ವಾರವೆಲ್ಲ ದುಡಿದವರಿಗೆ, ಕಣ್ಣೆದುರಿಗೇ ಇದ್ದ ಬೆಟ್ಟವನ್ನೇರಿ ಶುದ್ಧವಾದ ಗಾಳಿಯನ್ನು ಸೇವಿಸುವ ಹಕ್ಕಿರಲಿಲ್ಲ. 1932ರ ಏಪ್ರಿಲ್ 24ರ ಭಾನುವಾರ ನೂರಾರು ಯುವಕರು ನಿಷೇಧವನ್ನು ಮೀರಿ ಕಿಂಡರ್ ಸ್ಕೌಟ್ ಬೆಟ್ಟವನ್ನು ಏರಿದರು. ಕಾವಲುಗಾರರೊಡನೆ ಘರ್ಷಣೆಯಾಯಿತು, ಐವರು ತರುಣರಿಗೆ ಎರಡರಿಂದ ಆರು ತಿಂಗಳವರೆಗೆ ಸೆರೆವಾಸ ಪ್ರಾಪ್ತವಾಯಿತು. ಈ ಶಿಕ್ಷೆಯಿಂದ ಜನರ ಸಹಾನುಭೂತಿ ಅವರ ಕಡೆಗೆ ತಿರುಗಿತು.

1935ರಲ್ಲಿ ಟಾಮ್ ಸ್ಟೀಫನ್ಸನ್ ಎಂಬ ಪತ್ರಕರ್ತ, ಅಮೆರಿಕದ ಅಪಲೇಚಿಯನ್ ಕಾಲುದಾರಿಯಂತಹ ದೀರ್ಘಪಥವೊಂದು ಪೆನೈನ್ ಬೆಟ್ಟಗಳಲ್ಲಿಯೂ ಬೇಕೆಂದು ಲೇಖನ ಬರೆದನು. 1949ರಲ್ಲಿ ಇದಕ್ಕೆ ಅವಕಾಶ ನೀಡುವ ಕಾನೂನು ಬಂದಿತು. ನಡೆಯುವ ಹಕ್ಕನ್ನು ತುಂಡುತುಂಡಾಗಿ ಪಡೆದು, 1965ರ ಏಪ್ರಿಲ್ 24ರಂದು, ಎಂದರೆ ಆ ಸತ್ಯಾಗ್ರಹದಂತಹ ಪ್ರತಿಭಟನೆ ನಡೆದು ಸರಿಯಾಗಿ 33 ವರ್ಷಗಳ ಮೇಲೆ, ದಾರಿಯನ್ನು ತೆರೆಯಲಾಯಿತು. ಈಡೇಲ್‌ನಿಂದ ಹೊರಟವರು ಮೊದಲ ದಿನವೇ ನಡೆಯುವುದು ಅದೇ ಕಿಂಡರ್ ಬೆಟ್ಟದ ಅಂಚಿನಲ್ಲಿ.

ಹೀಗೆ ದೊರೆತ ಸ್ವಾತಂತ್ರ್ಯಕ್ಕೆ ಸಿದ್ಧತೆಯೂ ಬೇಕು. ದಾರಿಯುದ್ದಕ್ಕೂ ಓಕ್ ಮರದ ಕಾಯಿಯ ಚಿಹ್ನೆಯುಳ್ಳ ಕೈಮರಗಳಿವೆ. ಆದರೆ ಮಂಜು ಮುಸುಕಿದಾಗ ಅವು ಕಾಣಿಸವು. ಆಗ ಭೂಪಟ, ದಿಕ್ಸೂಚಿಗಳೇ ಗತಿ. ನಾಲ್ಕು ಸೆಂಟಿಮೀಟರಿಗೆ ಒಂದು ಕಿಲೋಮೀಟರಿನ ಪ್ರಮಾಣದ ಭೂಪಟದಲ್ಲಿ ಸಮೋನ್ನತಿ ರೇಖೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು ಎಂದೂ, ದೂರದೂರವಿದ್ದರೆ ಇಳಿಜಾರು ಕಡಿಮೆಯೆಂದೂ ತಿಳಿಯಬೇಕು. ಸ್ಕಾಟ್ಲೆಂಡಿನ ಪರ್ವತಾರೋಹಿ ನೇಸ್ಮಿತ್ 1892ರಲ್ಲಿ ಒಂದು ಸೂತ್ರವನ್ನು ಹೇಳಿದನು. ಐದು ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ ಎಂದು ಲೆಕ್ಕ ಹಿಡಿಯಬೇಕು. 20 ಕಿಲೋಮೀಟರ್ ದೂರದಲ್ಲಿ 600 ಮೀಟರ್ ಏರಿದ್ದರೆ ಐದು ಗಂಟೆಗಳಾದವು. ವಿಶ್ರಾಂತಿಯ ಸಮಯವನ್ನು ಇದಕ್ಕೆ ಕೂಡಿಸಿಕೊಂಡು, ಕತ್ತಲಾಗುವ ಮೊದಲೇ ತಂಗುದಾಣವನ್ನು ಸೇರುವಂತೆ ಹೊರಡಬೇಕು. ರಾತ್ರಿ ತಂಗಲು ಯುವಜನರ ವಸತಿಗೃಹಗಳೂ ಹಳ್ಳಿಗಳ ಅತಿಥಿಗೃಹಗಳೂ ಉಂಟು. ಹವೆ ಕೆಟ್ಟಾಗ ಹಿಂದಿರುಗುವುದು ಹೇಡಿತನವಲ್ಲ. ಎಚ್ಚರಿಸುವ ಮಾರ್ಗದರ್ಶಕನಿಲ್ಲದಿರುವಾಗ ವಿವೇಕವೇ ಮಾರ್ಗದರ್ಶಕ.

ದಾರಿಯ ವಿಷಯದಲ್ಲಿಯೂ ಪಥಿಕನಿಗೆ ಹೊಣೆಯುಂಟು. ಈ ಬೆಟ್ಟಗಳ ಮೇಲೆ ಪೀಟ್ ಎಂಬ ಮೆತ್ತನೆಯ ಕಪ್ಪುಮಣ್ಣಿದೆ. ಸಾವಿರಾರು ಜನರ ತುಳಿತದಿಂದ ಹುಲ್ಲು ಸತ್ತು, ಮಣ್ಣು ಕೊಚ್ಚಿಹೋಗಿ, ದಾರಿ ಅಗಲವಾದ ಕೆಸರುಗುಂಡಿಯಾಯಿತು. ಆಗ ಚಪ್ಪಡಿ ಕಲ್ಲುಗಳನ್ನು ಹಾಸಿ ಅದನ್ನು ಉಳಿಸಬೇಕಾಯಿತು. ಅವುಗಳಲ್ಲಿ ಅನೇಕವು ಮುಚ್ಚಿಹೋದ ಹಳೆಯ ಬಟ್ಟೆಗಿರಣಿಗಳ ನೆಲದಿಂದ ತಂದವು. ಒಂದು ಕಾಲದಲ್ಲಿ ಕಾರ್ಮಿಕರು ನಿಂತು ದುಡಿದ ಕಲ್ಲುಗಳ ಮೇಲೆ ಇಂದು ಪಥಿಕರು ನಡೆಯುತ್ತಾರೆ. ಕಲ್ಲುಹಾದಿಯನ್ನು ಬಿಟ್ಟು ತುಳಿಯದಿರುವುದು, ರೈತರ ಬೇಲಿಯ ಬಾಗಿಲನ್ನು ಇದ್ದಂತೆ ಬಿಡುವುದು, ಕುರಿಗಳನ್ನು ಬೆದರಿಸದಿರುವುದು, ಒಣಗಿದ ಪೀಟಿನ ಮೇಲೆ ಬೆಂಕಿ ಹಚ್ಚದಿರುವುದು, ಇವು ಅಲ್ಲಿಯ ನಡಿಗೆಯ ಧರ್ಮ.

ಹಿಂದಿನವರು ಸೆರೆಮನೆಗೆ ಹೋಗಿ ಗಳಿಸಿದ ದಾರಿಯನ್ನು ಮುಂದಿನವರಿಗೆ ಕೆಡದಂತೆ ಉಳಿಸುವವನೇ ನಿಜವಾದ ಪಥಿಕ. ಈ ಮಾತು ಪೆನೈನ್ ಬೆಟ್ಟಗಳಿಗೆ ಮಾತ್ರವಲ್ಲ, ಜನರು ನಡೆಯುವ ಎಲ್ಲ ದಾರಿಗಳಿಗೂ ಸಲ್ಲುತ್ತದೆ.