ಅಲುಗುವ ನೆಲದ ಮೇಲೆ ಇಳಿದ ಚಾಲಕರಹಿತ ವಿಮಾನ

ಊರ ಹೊರಗಿನ ವಿಮಾನನಿಲ್ದಾಣವು ಇದ್ದಲ್ಲಿಯೇ ಇರುತ್ತದೆ. ವಿಮಾನವಾಹಕ ನೌಕೆಯಾದರೋ ಸದಾ ಚಲಿಸುವ ನಿಲ್ದಾಣ. ಮುಂದಕ್ಕೆ ಸಾಗುತ್ತಿರುವಾಗಲೇ ಅಲೆಗಳ ಹೊಡೆತಕ್ಕೆ ಅದರ ಮೂತಿ ಏಳುತ್ತದೆ, ಬೀಳುತ್ತದೆ. ಮೈ ಎಡಬಲಕ್ಕೆ ಹೊರಳುತ್ತದೆ. ಇಳಿಯುವ ಪಟ್ಟಿಯು ನೌಕೆಯ ಉದ್ದಕ್ಕೆ ಸುಮಾರು 9 ಡಿಗ್ರಿ ಓರೆಯಾಗಿರುವುದರಿಂದ, ಹಿಂದಿನಿಂದ ಬರುವ ವಿಮಾನಕ್ಕೆ ಆ ಪಟ್ಟಿಯು ಬಲಗಡೆಗೆ ಸರಿಯುತ್ತಲೇ ಇರುತ್ತದೆ. ಹೀಗೆ ಜಾರಿಕೊಳ್ಳುವ ಪಟ್ಟಿಯ ಮೇಲೆ ಅಡ್ಡಲಾಗಿ ಬಿಗಿದಿರುವ ಉಕ್ಕಿನ ಹಗ್ಗಗಳಲ್ಲಿ ಒಂದನ್ನು ವಿಮಾನವು ತನ್ನ ಬಾಲದ ಕೊಕ್ಕೆಯಿಂದ ಹಿಡಿಯಬೇಕು. ನುರಿತ ಚಾಲಕರೂ ಅಂಜುವ ಕೆಲಸವಿದು; ಕತ್ತಲೆಯಲ್ಲಂತೂ ಹೇಳತಕ್ಕದ್ದೇ ಇಲ್ಲ.

2013ರ ಜುಲೈ 10ರಂದು ಅಮೆರಿಕದ ವರ್ಜೀನಿಯ ತೀರದಾಚೆಯ ಸಮುದ್ರದಲ್ಲಿ ಎಕ್ಸ್-47ಬಿ ಎಂಬ ವಿಮಾನವು 'ಜಾರ್ಜ್ ಎಚ್. ಡಬ್ಲ್ಯು. ಬುಷ್' ನೌಕೆಯ ಮೇಲೆ ಹೀಗೆಯೇ ಇಳಿಯಿತು. ಅದರೊಳಗೆ ಚಾಲಕನಿರಲಿಲ್ಲ. ದೂರದಲ್ಲಿ ಕುಳಿತು ಹಿಡಿಕೆಯಾಡಿಸುವವನೂ ಇರಲಿಲ್ಲ. ಮೇಲ್ವಿಚಾರಕನು ಅಪ್ಪಣೆ ಕೊಡುತ್ತಿದ್ದನೇ ಹೊರತು ಹಾರಿಸುತ್ತಿರಲಿಲ್ಲ. ಗಂಟೆಗೆ ಸುಮಾರು 268 ಕಿ.ಮೀ. ವೇಗದಿಂದ ಬಂದ ಅದು 107 ಮೀಟರಿಗಿಂತ ಕಡಮೆ ದೂರದಲ್ಲಿ ನಿಂತಿತು. ವೇಗದ ವರ್ಗವನ್ನು ದೂರದ ಎರಡರಷ್ಟರಿಂದ ಭಾಗಿಸಿ ನಾವು ಎಣಿಸಿದರೆ, ವೇಗದ ಇಳಿತವು ಗುರುತ್ವದ ಸುಮಾರು ಎರಡೂವರೆಯಷ್ಟಾಗುತ್ತದೆ. ನೌಕೆಯ ಸ್ವಂತ ಚಲನೆಯನ್ನು ಹಿಡಿಯದ ಸ್ಥೂಲ ಲೆಕ್ಕವಿದು.

ಆ ಹಗ್ಗವು ಎಲ್ಲಿದೆಯೆಂದು ಯಂತ್ರಕ್ಕೆ ತಿಳಿದದ್ದು ಹೇಗೆ? ಜಿ.ಪಿ.ಎಸ್. ಉಪಗ್ರಹಗಳಿಂದ ಎಂದು ವಾಚಕರು ಥಟ್ಟನೆ ಹೇಳಬಹುದು. ಉತ್ತರವು ಅರ್ಧ ಮಾತ್ರ ಸರಿ. ಒಂಟಿಯಾದ ಜಿ.ಪಿ.ಎಸ್. ಗ್ರಾಹಕವು ಕೆಲವು ಮೀಟರುಗಳಷ್ಟು ತಪ್ಪುತ್ತದೆ. ಉಪಗ್ರಹದ ಗಡಿಯಾರದಲ್ಲಿ ಕಿಂಚಿತ್ ದೋಷವಿರುತ್ತದೆ. ವಾಯುಮಂಡಲದ ಮೇಲುಸ್ತರದ ಅಯಾನುಗಳು ರೇಡಿಯೊ ಸಂಕೇತವನ್ನು ತುಸು ತಡೆದು ಬಿಡುತ್ತವೆ. ಬಯಲಿನಲ್ಲಿ ಈ ತಪ್ಪು ಕ್ಷಮ್ಯ. ಇಲ್ಲಿ ಕೆಲವು ಮೀಟರು ತಗ್ಗಿ ಬಂದ ವಿಮಾನವು ನೌಕೆಯ ಹಿಂಬದಿಗೆ ಅಪ್ಪಳಿಸುತ್ತದೆ.

ಪರಿಹಾರವು ವ್ಯವಕಲನದಲ್ಲಿದೆ. ಇಬ್ಬರು ಗೆಳೆಯರು ಶಾಲೆಯ ಒಂದೇ ಗಡಿಯಾರವನ್ನು ನೋಡಿ ತಮ್ಮ ಕೈಗಡಿಯಾರಗಳನ್ನು ಹೊಂದಿಸಿಕೊಂಡರೆಂದು ಭಾವಿಸೋಣ. ಶಾಲೆಯ ಗಡಿಯಾರವು 7 ನಿಮಿಷ ಹಿಂದಿದೆ. ರೈಲು ಹಿಡಿಯಹೊರಟರೆ ಇಬ್ಬರೂ ಪೇಚಿಗೆ ಸಿಲುಕುತ್ತಾರೆ. ಆದರೆ ಐದು ಗಂಟೆಗೆ ಕೆರೆಯ ಏರಿಯ ಮೇಲೆ ಸೇರಬೇಕೆಂದರೆ ಇಬ್ಬರೂ ಒಟ್ಟಿಗೆ ಬರುತ್ತಾರೆ. ತಪ್ಪು ಸಮಾನವಾದ್ದರಿಂದ ಅದು ಕಳೆದುಹೋಗುತ್ತದೆ. ನೌಕೆಯೂ ವಿಮಾನವೂ ಅವೇ ಉಪಗ್ರಹಗಳನ್ನು ಆಲಿಸುತ್ತವೆ. ನಡುವಣ ಅಂತರವು ಅಲ್ಪವಾದ್ದರಿಂದ ಎರಡರ ತಪ್ಪೂ ಹೆಚ್ಚು ಕಡಮೆ ಒಂದೇ. ನೌಕೆಯು ತನ್ನ ಅಳತೆಗಳನ್ನೂ ತನ್ನ ಮೈಯ ಏಳುಬೀಳನ್ನೂ ಕ್ಷಣಕ್ಷಣಕ್ಕೂ ರೇಡಿಯೊ ಮೂಲಕ ಕಳುಹಿಸುತ್ತದೆ. ವಿಮಾನದ ಗಣಕಯಂತ್ರವು ಅವನ್ನು ತನ್ನ ಅಳತೆಗಳಿಂದ ಕಳೆಯುತ್ತದೆ. ತಾನು ಭೂಮಿಯ ಮೇಲೆ ಎಲ್ಲಿರುವೆನೆಂಬುದು ಅದಕ್ಕೆ ಅಷ್ಟು ಮುಖ್ಯವಲ್ಲ. ನೌಕೆ ತನ್ನಿಂದ ಎಷ್ಟು ದೂರ, ಎತ್ತ ಕಡೆ ಎಂಬುದಷ್ಟೇ ಬೇಕು.

ಚಾಲಕನ ಕೈಯಿಲ್ಲದೆ ಇಳಿಸುವ ವಿದ್ಯೆ ಹೊಸದಲ್ಲ. 1957ರ ಆಗಸ್ಟಿನಲ್ಲಿಯೇ 'ಆಂಟಿಯೆಟಮ್' ನೌಕೆಯ ಮೇಲೆ ವಿಮಾನವೊಂದು ಹಾಗೆ ಇಳಿದಿತ್ತು. ಆದರೆ ಆಗ ಎಣಿಕೆ ಮಾಡಿ ಆಜ್ಞೆ ಕೊಟ್ಟದ್ದು ನೌಕೆಯ ಮೇಲಿನ ರೇಡಾರು ಮತ್ತು ಗಣಕ. ಚಾಲಕನು ಒಳಗೆ ಕೈಕಟ್ಟಿ ಕುಳಿತಿದ್ದನು. ಎಕ್ಸ್-47ಬಿಯಲ್ಲಿ ಮಿದುಳು ವಿಮಾನದೊಳಕ್ಕೇ ಬಂದಿತು.

ನಮಗೆ ಹೆಚ್ಚು ಬೋಧಪ್ರದವೆನಿಸುವುದು ಆ ದಿನದ ಇಳಿತಗಳಲ್ಲ, ಇಳಿಯದೆ ಹೋದದ್ದು. ಎರಡು ಸಲ ಸರಿಯಾಗಿ ಇಳಿದ ಮೇಲೆ ಮತ್ತೊಮ್ಮೆ ಸಮೀಪಿಸುತ್ತಿದ್ದಾಗ, ದಾರಿ ಎಣಿಸುವ ತನ್ನ ಗಣಕಗಳಲ್ಲೊಂದು ಕೆಟ್ಟಿದೆಯೆಂದು ವಿಮಾನವು ತಾನೇ ಕಂಡುಕೊಂಡಿತು. ಅಂತಹ ಸಂದರ್ಭಕ್ಕೆ ಗೊತ್ತುಮಾಡಿದ್ದ ವಾಲಪ್ಸ್ ದ್ವೀಪದ ನಿಲ್ದಾಣಕ್ಕೆ ಹೋಗಿ ಇಳಿಯಿತು. ತನ್ನ ಲೆಕ್ಕವನ್ನು ತಾನೇ ಶಂಕಿಸುವ ಗುಣ ಅದಕ್ಕಿತ್ತು.

ಹಾಗಾದರೆ ಬಾಂಬು ಹಾಕುವ ತೀರ್ಮಾನವನ್ನೂ ಇಂತಹ ಯಂತ್ರಕ್ಕೆ ಒಪ್ಪಿಸಬಹುದೆ? ಕೂಡದೆಂದು ನಮ್ಮ ಅಭಿಪ್ರಾಯ. ಹಗ್ಗವು ಎಲ್ಲಿದೆಯೆಂಬ ಪ್ರಶ್ನೆಗೆ ಅಳೆದು ತಾಳೆ ನೋಡಬಹುದಾದ ಉತ್ತರವಿದೆ. ಎದುರಿಗಿರುವವನು ಶತ್ರುವೋ ಬಡಪಾಯಿ ಬೆಸ್ತನೋ ಎಂಬುದು ಕಳೆಯುವ ಲೆಕ್ಕದಿಂದ ಬಗೆಹರಿಯುವುದಿಲ್ಲ. ಬಲಪ್ರಯೋಗದಲ್ಲಿ ಮನುಷ್ಯನ ವಿವೇಚನೆಗೆ ತಕ್ಕ ಸ್ಥಾನವಿರಬೇಕೆಂದು ಅಮೆರಿಕದ ರಕ್ಷಣಾ ಇಲಾಖೆಯೇ 2012ರ ನವೆಂಬರಿನಲ್ಲಿ ನಿಯಮಿಸಿತು; 'ತಕ್ಕ' ಎಂಬ ಮಾತು ಎಷ್ಟು ಹಿಗ್ಗಬಲ್ಲದೆಂಬುದು ಬೇರೆ ವಿಷಯ.

ಎಕ್ಸ್-47ಬಿಯ ಒಡಲಲ್ಲಿ ಬಾಂಬುಗಳಿಗೆ ಸ್ಥಳವಿದ್ದರೂ ಅದು ಅವನ್ನು ಹೊರಲಿಲ್ಲ. 2015ರ ಏಪ್ರಿಲಿನಲ್ಲಿ ಹಾರುತ್ತಲೇ ಮತ್ತೊಂದು ವಿಮಾನದಿಂದ ಇಂಧನ ಪಡೆದು ತೋರಿಸಿತು. ನೌಕಾದಳವು ಬಳಿಕ 2018ರಲ್ಲಿ ಬೋಯಿಂಗ್ ಸಂಸ್ಥೆಯಿಂದ ಮಾಡಿಸಲು ಆರಿಸಿಕೊಂಡ ಎಂಕ್ಯು-25 ಎಂಬ ಚಾಲಕರಹಿತ ವಿಮಾನವು ಇತರ ವಿಮಾನಗಳಿಗೆ ಇಂಧನ ಹೊತ್ತೊಯ್ಯತಕ್ಕದ್ದು. 2021ರ ಜೂನ್ 4ರಂದು ಅದರ ಪರೀಕ್ಷಾ ಮಾದರಿಯು ಚಾಲಕನಿದ್ದ ಯುದ್ಧವಿಮಾನವೊಂದಕ್ಕೆ ಆಕಾಶದಲ್ಲಿ ಇಂಧನ ತುಂಬಿತು.