ಮೀನಿನ ರೋಗವೂ ‘ಸಾತ್ಮ್ಯ’ ಶಬ್ದವೂ

ವಿಯೆಟ್ನಾಂ ದೇಶದಲ್ಲಿ ಮೆಕಾಂಗ್ ನದಿಯು ಸಮುದ್ರವನ್ನು ಸೇರುವ ಪ್ರದೇಶದೊಳಗೆ ಪಂಗಾಸಿಯಸ್ ಎಂಬ ಮೀನನ್ನು ಕೊಳಗಳಲ್ಲಿ ಸಾಕಿ ದೇಶಾಂತರಗಳಿಗೆ ಕಳುಹಿಸುವರು. ಮೂತಿಯ ಮೀಸೆಗಳನ್ನು ಕಂಡು ಆಂಗ್ಲರು ಬೆಕ್ಕಿನ ಹೆಸರಿಟ್ಟ ಮೀನುಗಳಲ್ಲಿ ಇದೂ ಒಂದು. 1990ರ ದಶಕದ ಕೊನೆಯಲ್ಲಿ ಇವಕ್ಕೊಂದು ಮಾರಿ ತಗುಲಿತು. ಹೊರಮೈಯಲ್ಲಿ ಹೆಚ್ಚಿನ ಚಿಹ್ನೆಯಿಲ್ಲ. ಕೊಯ್ದು ನೋಡಿದರೆ ಯಕೃತ್ತು, ಪ್ಲೀಹ, ಮೂತ್ರಪಿಂಡಗಳಲ್ಲೆಲ್ಲ ಬಿಳಿಯ ಚುಕ್ಕೆಗಳು. ಎಡ್ವರ್ಡ್‌ಸಿಯೆಲ್ಲಾ ಇಕ್ಟಲೂರಿ ಎಂಬ ಬ್ಯಾಕ್ಟೀರಿಯವೇ ಇದಕ್ಕೆ ಕಾರಣವೆಂದು 2002ರಲ್ಲಿ ನಿರ್ಣಯವಾಯಿತು. ಅಮೆರಿಕದ ಕೊಳಗಳಲ್ಲಿ ಇದರ ಪರಿಚಯವು 1970ರ ದಶಕದಲ್ಲಿಯೇ ಆಗಿದ್ದಿತು.

ಸಾವಿರಾರು ಮೀನುಗಳಿಗೆ ಒಂದೊಂದಾಗಿ ಔಷಧವನ್ನು ಕೊಡುವುದು ಅಶಕ್ಯ. ಆದುದರಿಂದ ಅದನ್ನು ಆಹಾರದಲ್ಲಿ ಬೆರೆಸುವರು. ತೊಡಕು ಇಲ್ಲಿಯೇ ಇರುವುದು. ರೋಗ ಬಲಿತ ಮೀನು ಮೊದಲು ಬಿಡುವುದೇ ಆಹಾರವನ್ನು. ಔಷಧವು ಬೇಕಾದವಕ್ಕೆ ದೊರೆಯದೆ ಬೇಡದವಕ್ಕೆ ದೊರೆಯುವುದು; ಮಿಕ್ಕುದು ನೀರಿಗೂ ಕೆಸರಿಗೂ ಸೇರುವುದು. 2008ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ವಿಯೆಟ್ನಾಮಿನ ರೋಗಗ್ರಸ್ತ ಮೀನುಗಳಿಂದ ತೆಗೆದ ಈ ಬ್ಯಾಕ್ಟೀರಿಯದ 64 ಮಾದರಿಗಳಲ್ಲಿ ಶೇಕಡ 81 ಆಕ್ಸಿಟೆಟ್ರಾಸೈಕ್ಲಿನ್ ಔಷಧಕ್ಕೂ ಶೇಕಡ 71 ಟ್ರೈಮೆಥೋಪ್ರಿಮ್ ಔಷಧಕ್ಕೂ ಬಗ್ಗಲಿಲ್ಲ.

ಇದನ್ನು ಜನರು ‘ರೋಗಾಣು ಔಷಧಕ್ಕೆ ಒಗ್ಗಿಕೊಂಡಿತು’ ಎನ್ನುವರು. ಪಂಡಿತರಾದವರು ಒಡನೆ ಚರಕಸಂಹಿತೆಯ ‘ಓಕಸಾತ್ಮ್ಯ’ವನ್ನು, ಎಂದರೆ ಅಭ್ಯಾಸಬಲದಿಂದ ಅಪಥ್ಯವೂ ಹಿತವಾಗುವುದನ್ನು, ನೆನೆದಾರು. ಈ ಸಾಮ್ಯವು ಸಲ್ಲದೆಂದು ನನ್ನ ಅಭಿಪ್ರಾಯ. ಸಾತ್ಮ್ಯವು ಒಂದು ದೇಹದ ಅಭ್ಯಾಸ; ಆ ದೇಹದೊಡನೆಯೇ ಮುಗಿಯತಕ್ಕದ್ದು. ಇಲ್ಲಿ ಒಗ್ಗಿದವನಾರೂ ಇಲ್ಲ. ಔಷಧವು ದುರ್ಬಲವಾದವನ್ನು ಕೊಂದು, ದೈವಯೋಗದಿಂದ ಮೊದಲೇ ಬಲವುಳ್ಳ ಕೆಲವನ್ನು ಉಳಿಸುವುದು; ಉಳಿದವುಗಳ ಸಂತಾನವೇ ಕೊಳವನ್ನು ತುಂಬುವುದು. ಅಷ್ಟೇ ಅಲ್ಲ, ಪ್ಲಾಸ್ಮಿಡ್ ಎಂಬ ಸಣ್ಣ ಆನುವಂಶಿಕ ಬಳೆಗಳ ಮೂಲಕ ಈ ಬಲವು ಒಂದು ಜಾತಿಯ ಬ್ಯಾಕ್ಟೀರಿಯದಿಂದ ಬೇರೊಂದು ಜಾತಿಗೂ ದಾಟಬಲ್ಲುದು. ಮೇಲೆ ಹೇಳಿದ ಎರಡು ಔಷಧಗಳ ವರ್ಗಗಳು ಮನುಷ್ಯರ ಚಿಕಿತ್ಸೆಗೂ ಬೇಕಾದವು ಎಂಬುದನ್ನು ಇಲ್ಲಿ ಮರೆಯಲಾಗದು. ‘ಪ್ರತಿರೋಧ’ವೆಂಬ ಶಬ್ದವೇ ನನಗೆ ಮೇಲೆನಿಸುವುದು, ‘ಸಾತ್ಮ್ಯ’ವೆಂದರೆ ಔಷಧವನ್ನು ಕೆಲವು ಕಾಲ ಬಿಟ್ಟರೆ ಎಲ್ಲವೂ ಸರಿಹೋಗುವುದೆಂಬ ಭ್ರಾಂತಿಯುಂಟಾಗುವುದು.

ಆದುದರಿಂದ ಯಾವ ಔಷಧವು ಫಲಿಸುವುದೆಂದು ಮೊದಲು ಪ್ರಯೋಗಶಾಲೆಯಲ್ಲಿ ಪರೀಕ್ಷಿಸತಕ್ಕದ್ದು. ಅಮೆರಿಕದಲ್ಲಿ ಇನ್ನೊಂದು ಕ್ರಮವೂ ಉಂಟು: ರೋಗ ಕಂಡೊಡನೆ ಕೊಳಕ್ಕೆ ಆಹಾರವನ್ನು ಹಾಕುವುದನ್ನೇ ಕಡಿಮೆಮಾಡುವರು ಅಥವಾ ನಿಲ್ಲಿಸುವರು. ಲಂಘನವೆಂಬ ಹೆಸರಿನಿಂದ ಇದು ನಮ್ಮ ವೈದ್ಯರಿಗೆ ಪರಿಚಿತವೇ. ಇಲ್ಲಿ ‘ಸಾತ್ಮ್ಯ’ದಂತೆ ಶಬ್ದವು ತಪ್ಪುದಾರಿಗೆ ಎಳೆಯುವ ಭಯವೂ ಇಲ್ಲ.