ನಾನು ಸಾಕಿದ ಬಸವನಹುಳು

ನಾಯಿಯನ್ನು ಸಾಕಿದವರುಂಟು, ಬೆಕ್ಕು, ಗಿಳಿ, ಮೊಲಗಳನ್ನು ಸಾಕಿದವರುಂಟು. ಬಸವನಹುಳುವನ್ನು ಸಾಕಿದೆನೆಂದು ನಾನು ಹೇಳಿದಾಗ ಮಾತ್ರ ಕೇಳಿದವರು ಒಂದು ಗಳಿಗೆ ನನ್ನ ಮುಖವನ್ನೇ ನೋಡುತ್ತಾರೆ, ಆಮೇಲೆ ನಗುತ್ತಾರೆ. ನಗಲಿ. ಕರೆದರೆ ಬಾರದ, ಬಾಲವಾಡಿಸದ, ಒಡೆಯನ ಗುರುತೇ ಇಲ್ಲದ ಪ್ರಾಣಿಯದು. ಆದರೂ ನಾಲ್ಕು ಮಳೆಗಾಲ ನನ್ನ ಮೇಜಿನ ಪಕ್ಕದಲ್ಲಿದ್ದು, ಯಾವ ನಾಯಿಯೂ ಕಲಿಸಲಾರದ ಪಾಠವೊಂದನ್ನು ಅದು ನನಗೆ ಕಲಿಸಿತು. ಅದನ್ನು ಹೇಳುವುದಕ್ಕಾಗಿಯೇ ಈ ಬರಹ.

ಹಾನಗಲ್ಲ ತಾಲೂಕಿನ ಪಡುವಣ ಭಾಗ ಅರೆಮಲೆನಾಡು. ಮುಂಗಾರು ಹಿಡಿಯಿತೆಂದರೆ ಅಡಿಕೆ ತೋಟಗಳಲ್ಲಿ ನೆಲವೇ ನೀರನ್ನು ಉಸಿರಾಡುವಂತೆ ತೋರುತ್ತದೆ. ಅಂಥದೊಂದು ಆಷಾಢದ ಮುಂಜಾವಿನಲ್ಲಿ ಏಳನೆಯ ಇಯತ್ತೆಯ ಹುಡುಗಿಯೊಬ್ಬಳು ತನ್ನ ಊಟದ ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಳು. ಒಳಗೆ ರೊಟ್ಟಿಯಿರಲಿಲ್ಲ. ಗೇಣಿನಲ್ಲಿ ಅರ್ಧದಷ್ಟು ಉದ್ದದ, ಕಂದು ಪಟ್ಟೆಗಳ ಚಿಪ್ಪೊಂದು ಹಸಿ ಎಲೆಯ ಮೇಲೆ ಮಲಗಿತ್ತು.

“ಸರ, ನಮ್ಮ ಅಡಿಕಿ ತ್ವಾಟದಾಗ ಸಿಕ್ತ್ರಿ. ಇದಕ ಏನ ತಿನಸೂಣ್ರಿ?”

ನನಗೂ ತಿಳಿದಿರಲಿಲ್ಲ. ತಿಳಿಯದೆಂದು ಹೇಳಲು ನಾಚಿ, “ಸಾಕಿ ನೋಡೋಣ” ಎಂದುಬಿಟ್ಟೆ. ಮೇಷ್ಟರ ಬಾಯಿಂದ ಬಂದ ಮಾತು, ಹಿಂತೆಗೆಯುವಂತಿಲ್ಲ.

ಹಳೆಯದೊಂದು ಮೀನಿನ ತೊಟ್ಟಿ ಮನೆಯ ಅಟ್ಟದ ಮೇಲಿತ್ತು. ತೊಳೆದು, ತಳಕ್ಕೆ ನಾಲ್ಕು ಬೆರಳು ದಪ್ಪ ಮಣ್ಣು ಹಾಸಿದೆ. ಗೊಬ್ಬರವನ್ನೂ ಔಷಧಿಯನ್ನೂ ಕಾಣದ ಮಣ್ಣೇ ಆಗಬೇಕು. ಹುಳು ಮಣ್ಣಿನೊಳಗೆ ಹುದುಗಿ ಮಲಗುವುದರಿಂದ ಅದರಲ್ಲಿರುವುದೆಲ್ಲವೂ ಅದರ ಮೈಗೆ ತಾಕುತ್ತದೆ. ಮಣ್ಣು ಹಿಡಿದರೆ ಉಂಡೆಯಾಗಬೇಕು, ಹಿಂಡಿದರೆ ನೀರಿಳಿಯಬಾರದು. ನಲ್ಲಿಯ ನೀರನ್ನು ಒಂದು ರಾತ್ರಿ ತೆರೆದಿಟ್ಟು, ಅದರೊಳಗಿನ ಕ್ಲೋರಿನ್ ಹಾರಿದ ಮೇಲೆ ಚಿಮುಕಿಸಬೇಕು. ಸೌತೆಕಾಯಿ, ಕುಂಬಳಕಾಯಿ, ಕೋಸಿನ ಎಲೆ, ಪರಂಗಿಯ ಎಲೆ ಇವು ಅದರ ಊಟ. ಉಪ್ಪಿನ ಸೋಂಕು ಮಾತ್ರ ಎಲ್ಲಿಯೂ ಇರಕೂಡದು. ಒಂದು ಚಿಟಿಕೆ ಉಪ್ಪು ಅದರ ಮೈನೀರನ್ನೆಲ್ಲ ಹೀರಿ ಕೊಲ್ಲಬಲ್ಲುದು. ಉಣ್ಣುವುದು ರಾತ್ರಿ, ಆದುದರಿಂದ ಸಂಜೆ ಬಡಿಸಿ, ಉಳಿದುದನ್ನು ಬೆಳಿಗ್ಗೆ ತೆಗೆಯಬೇಕು. ಇಲ್ಲವಾದರೆ ಎರಡೇ ದಿನದಲ್ಲಿ ಬೂಷ್ಟು ಹಿಡಿದು ತೊಟ್ಟಿ ನಾರುತ್ತದೆ.

ಇನ್ನು ಸುಣ್ಣ. ಚಿಪ್ಪು ಬೆಳೆಯುವುದು ಸುಣ್ಣದಂಶದಿಂದ. ಸವಣೂರಿನ ಎಲೆಯನ್ನು ಮೆಲ್ಲುವ ನಾಡಿನವರಾದ ನಮಗೆ ಸುಣ್ಣವೆಂದೊಡನೆ ಎಲೆಯಡಿಕೆಯ ಡಬ್ಬಿ ನೆನಪಾಗುವುದು ಸಹಜ. ಆದರೆ ಆ ಸುಣ್ಣ ಹುಳುವಿನ ಮೆತ್ತನೆಯ ಮೈಯನ್ನು ಸುಟ್ಟೀತು. ಮೊಟ್ಟೆಯ ಸಿಪ್ಪೆಯನ್ನು ತೊಳೆದು, ಒಣಗಿಸಿ, ಕುಟ್ಟಿ ಪುಡಿಮಾಡಿ ಇಡಬೇಕು. ಇದರ ಬೆಲೆ ನನಗೆ ಗೊತ್ತಾದುದು ನನ್ನದೇ ತಪ್ಪಿನಿಂದ. ತೊಟ್ಟಿಯನ್ನು ತೊಳೆಯುವಾಗ ಒಮ್ಮೆ ಹುಳು ನನ್ನ ಕೈಜಾರಿ ನೆಲಕ್ಕೆ ಬಿತ್ತು. ಚಿಪ್ಪಿನ ಅಂಚು ಸೀಳಿತು. ಇನ್ನು ಅದು ಉಳಿಯದೆಂದೇ ತಿಳಿದೆ. ಅದು ಒಳಸೇರಿ ಕುಳಿತು, ರಾತ್ರಿಗಳಲ್ಲಿ ಬಂದು ಸಿಪ್ಪೆಯ ಪುಡಿಯನ್ನು ಮೆದ್ದು, ಕೆಲವು ವಾರಗಳಲ್ಲಿ ಒಳಗಿನಿಂದಲೇ ಆ ಬಿರುಕನ್ನು ಮುಚ್ಚಿಕೊಂಡಿತು. ಒಂದು ಬಿಳಿಯ ಗೆರೆ ಮಾತ್ರ ಉಳಿಯಿತು.

ಮಕ್ಕಳು ಬಿಡುವಿನಲ್ಲಿ ನಮ್ಮ ಮನೆಗೆ ಬಂದು ತೊಟ್ಟಿಯ ಸುತ್ತ ಕೂಡುತ್ತಿದ್ದರು. ಹಣೆಯ ಮೇಲೆ ಕೊಂಬು, ಬೆನ್ನ ಮೇಲೆ ಹೊರೆ, ಅವಸರವಿಲ್ಲದ ನಡೆ: ನಮ್ಮ ಹಿರಿಯರು ಇದಕ್ಕೆ ಬಸವನ ಹೆಸರನ್ನು ಸುಮ್ಮನೆ ಇಟ್ಟಿಲ್ಲ. ಆ ಕೊಂಬುಗಳು ನಾಲ್ಕು. ಮೇಲಿನ ಎರಡರ ತುದಿಯಲ್ಲಿ ಕಣ್ಣು. ಬೆಳಕು ಕತ್ತಲೆಗಳನ್ನು ತಿಳಿಯಲು ಅವು ಸಾಕು. ಕೆಳಗಿನ ಗಿಡ್ಡ ಜೋಡಿ ಮೂಸಿ ಮುಟ್ಟಿ ನೋಡುವುದಕ್ಕೆ. “ಇದಕ ಕಿವಿ ಎಲ್ಲದಾವ್ರಿ ಸರ?” ಎಂದೊಬ್ಬ ಕೇಳಿದ. ಕಿವಿಯಿಲ್ಲ. ನಮ್ಮ ಗದ್ದಲವಾಗಲಿ, ಮೆಚ್ಚುಗೆಯಾಗಲಿ ಅದಕ್ಕೆ ಮುಟ್ಟುವುದಿಲ್ಲ. ಉಸಿರಾಟಕ್ಕೆ ಮೂಗೂ ಇಲ್ಲ. ಚಿಪ್ಪಿನ ಅಂಚಿನ ಬಳಿ ಒಂದು ರಂಧ್ರ ಮೆಲ್ಲನೆ ತೆರೆದು ಮುಚ್ಚುತ್ತದೆ. ಬಾಯಿಯೊಳಗೆ ಅರದಂಥ ನಾಲಗೆ. ಅದರ ಮೇಲೆ ಸಾವಿರಾರು ಸೂಕ್ಷ್ಮ ಹಲ್ಲುಗಳು. ಊರೆಲ್ಲ ಮಲಗಿದ ಮೇಲೆ ಸೌತೆಕಾಯಿಯನ್ನು ಅದು ಕೆರೆಯುವ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಮಾಘ ಕಳೆದು ಬಿಸಿಲೇರಿದಾಗ ನಾನೊಂದು ವಾರ ಪರವೂರಿಗೆ ಹೋಗಿದ್ದೆ. ಮರಳಿ ಬಂದು ನೋಡಿದರೆ ಮಣ್ಣು ಬಿರಿದಿದೆ. ಹುಳು ಚಿಪ್ಪಿನ ಬಾಯಿಗೆ ಬಿಳಿಯ ತೆರೆಯೊಂದನ್ನು ಕಟ್ಟಿಕೊಂಡು ನಿಶ್ಚಲವಾಗಿದೆ. ಸತ್ತಿತೆಂದು ಮಕ್ಕಳು ಮರುಗಿದರು. ಅದು ಸಾವಲ್ಲ, ಬೇಸಿಗೆಯ ನಿದ್ರೆ. ಈಜಿಪ್ತಿನ ಮರುಭೂಮಿಯ ಬಸವನಹುಳುವೊಂದನ್ನು ಸತ್ತುದೆಂದೇ ನಂಬಿ ೧೮೪೬ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಜಿಯಮ್ಮಿನವರು ರಟ್ಟಿಗೆ ಅಂಟಿಸಿಟ್ಟಿದ್ದರು. ೧೮೫೦ರಲ್ಲಿ ಬೆಚ್ಚಗಿನ ನೀರಿನಲ್ಲಿಟ್ಟಾಗ ಅದು ಎಚ್ಚತ್ತು ನಡೆಯಿತು. ನಮ್ಮದು ಅಷ್ಟು ಕಾಯಿಸಲಿಲ್ಲ. ನೀರು ಚಿಮುಕಿಸಿದ ಮರುದಿನವೇ ತೆರೆಯನ್ನು ಹರಿದು ಕೊಂಬು ಚಾಚಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಅದಕ್ಕೆ ಕೇಳಿಸದೆಂಬುದು ಅವರಿಗೆ ಮರೆತೇಹೋಗಿತ್ತು.

ಇಷ್ಟಕ್ಕೇ ಮುಗಿದಿದ್ದರೆ ಇದು ವಿನೋದದ ಕಥೆಯಾಗುತ್ತಿತ್ತು. ಮುಂದಿನ ಮಳೆಗಾಲದ ಒಂದು ಬೆಳಿಗ್ಗೆ ಮಣ್ಣಿನ ಮೂಲೆಯಲ್ಲಿ ಬೆಣ್ಣೆಯ ಬಣ್ಣದ ಮಣಿಗಳು ಕಂಡವು, ಜೋಳದ ಕಾಳಿಗಿಂತ ಕೊಂಚ ದೊಡ್ಡವು. ಎಣಿಸಿದೆ, ನೂರು ದಾಟಿದವು. ತೊಟ್ಟಿಯಲ್ಲಿದ್ದುದು ಒಂದೇ ಹುಳು! ಬಸವನಹುಳುಗಳಲ್ಲಿ ಒಂದೇ ದೇಹದಲ್ಲಿ ಗಂಡೂ ಹೆಣ್ಣೂ ಇರುತ್ತವೆ. ಹಿಂದೆ ಎಂದೋ ಕೂಡಿದಾಗ ಪಡೆದ ಬೀಜವನ್ನು ಒಡಲಲ್ಲಿ ಕಾಪಿಟ್ಟುಕೊಂಡು ಎಷ್ಟೋ ತಿಂಗಳುಗಳ ತರುವಾಯವೂ ಇವು ಮೊಟ್ಟೆಯಿಡಬಲ್ಲವು. ಆಗ ನಾನು ಪುಸ್ತಕಗಳನ್ನು ತೆರೆದೆ, ಮೊದಲೇ ತೆರೆಯಬೇಕಾಗಿತ್ತು. ನಾನು ಸಾಕಿದುದು ನಮ್ಮ ನೆಲದ ಹುಳುವಾಗಿರಲಿಲ್ಲ. ಅದು ಆಫ್ರಿಕದ ದೈತ್ಯ ಬಸವನಹುಳು.

ಅದರ ಚರಿತ್ರೆಯೂ ಒಬ್ಬರ ಪ್ರೀತಿಯಿಂದಲೇ ಮೊದಲಾಗುತ್ತದೆ. ಚಿಪ್ಪುಗಳ ಶೋಧಕನಾದ ಬೆನ್ಸನ್ ಎಂಬ ಆಂಗ್ಲನು ೧೮೪೭ರಲ್ಲಿ ಮಾರಿಷಸ್ ದ್ವೀಪದಿಂದ ಇವನ್ನು ಕಲಕತ್ತೆಗೆ ತಂದನು. ಚೌರಂಗಿಯ ತೋಟವೊಂದನ್ನು ಸೇರಿದ ಆ ಜೋಡಿಯೇ ಭಾರತದಲ್ಲಿ ಇವುಗಳ ಮೊದಲ ಬೀಡು ಎಂದು ಬಲ್ಲವರು ಬರೆದಿದ್ದಾರೆ. ೧೯೬೬ರಲ್ಲಿ ಅಮೆರಿಕದ ಹುಡುಗನೊಬ್ಬ ಹವಾಯಿಯಿಂದ ಮೂರು ಹುಳುಗಳನ್ನು ಮಯಾಮಿಯ ಮನೆಗೆ ತಂದ. ಅವನ ಅಜ್ಜಿ ಅವನ್ನು ಹಿತ್ತಲಿಗೆ ಬಿಟ್ಟಳು. ಏಳು ವರ್ಷಗಳಲ್ಲಿ ಅವು ಹದಿನೆಂಟು ಸಾವಿರವನ್ನು ಮೀರಿದವು. ಅವನ್ನು ತೊಡೆಯಲು ಸರಕಾರಕ್ಕೆ ಸುಮಾರು ಹತ್ತು ಲಕ್ಷ ಡಾಲರು ಹಿಡಿಯಿತು. ಬೆನ್ಸನ್ನನಿಗಾಗಲಿ, ಆ ಅಜ್ಜಿಗಾಗಲಿ ಕೆಡುಕಿನ ಬಯಕೆಯಿರಲಿಲ್ಲ. ಒಂದು ಸಣ್ಣ ಜೀವವನ್ನು ಹಸುರಿನಲ್ಲಿ ಬಿಟ್ಟರು, ಅಷ್ಟೆ.

ಹಿರೇಕೆರೂರ ಕಡೆಗಿರುವ ನನ್ನ ಸೋದರಮಾವನಿಗೆ ಈ ಸಂಗತಿ ಬರೆದೆ. ಅವರು ಫೋನಿನಲ್ಲಿಯೇ ನಕ್ಕರು: “ನೀ ಗಾಜಿನ್ಯಾಗ ಇಟ್ಟ ಸಾಕಾಕತ್ತೀದಿ, ನಾವು ಇಲ್ಲಿ ದಿನಾ ರಾತ್ರಿ ಆರಿಸಿ ಆರಿಸಿ ಸಾಯಾಕತ್ತೇವಿ.” ಸಂಜೆ ಗೋಣಿಚೀಲಗಳನ್ನು ನೆನೆಸಿ, ಪರಂಗಿಯ ಎಲೆ ಹರಡಿ ತೋಟದಲ್ಲಿ ಹಾಸುವುದು, ತಂಪಿಗೆ ಬಂದು ಕೂಡಿದ ಹುಳುಗಳನ್ನು ಬೆಳಗಿನ ಜಾವದಲ್ಲಿ ಆರಿಸಿ ಉಪ್ಪುನೀರಿನಲ್ಲಿ ಮುಳುಗಿಸುವುದು. ಎಳೆಯ ಅಡಿಕೆ ಸಸಿ, ಬಾಳೆ, ಕಾಯಿಪಲ್ಲೆ ಯಾವುದನ್ನೂ ಅವು ಬಿಡವು. ನಾನು ದೂರವಿಡುತ್ತಿದ್ದ ಉಪ್ಪೇ ಅವರ ಆಯುಧ!

ಮೊಟ್ಟೆಗಳ ಸುದ್ದಿ ಶಾಲೆಯಲ್ಲಿ ಹಬ್ಬಿತು. ಡಬ್ಬಿ ತಂದಿದ್ದ ಹುಡುಗಿ ಬಂದು, “ಸರ, ಎಲ್ಲಾನೂ ಕೆರಿ ದಂಡಿಗೆ ಬಿಟ್ಟ ಬರೂಣ್ರಿ, ಪುಣ್ಯಾ ಬರ್ತೈತ್ರಿ” ಎಂದಳು. ನಾನು ಬಹಳ ಹೊತ್ತು ಸುಮ್ಮನಿದ್ದೆ. ಪಂಜರದ ಗಿಳಿಯನ್ನು ಬಿಡುವುದು, ಬಲೆಯ ಮೀನನ್ನು ನೀರಿಗೆ ಬಿಡುವುದು ದಯೆಯೆಂದು ನಾವೇ ಅವರಿಗೆ ಕಲಿಸಿದ್ದೇವೆ. ಇಲ್ಲಿ ಆ ಪಾಠ ತಲೆಕೆಳಗಾಗಿತ್ತು. ಬಿಟ್ಟರೆ ನಮ್ಮ ಕೈ ಶುದ್ಧವಾಗುತ್ತದೆ. ಸಸಿ ಸಾಯುವುದು ಅವಳ ತಂದೆಯ ತೋಟದಲ್ಲಿ. ಇದನ್ನೆಲ್ಲ ಅವಳಿಗೆ ಹೇಳಿದೆ. ಅವಳು ಕೇಳಿದ ಪ್ರಶ್ನೆ ಒಂದೇ: “ಹಂಗಾರ ತತ್ತಿ ಏನ ಮಾಡ್ತೀರಿ?”

ಕುದಿಯುವ ನೀರಿಗೆ ಹಾಕಿದೆ. ಅಡುಗೆಮನೆಯ ಒಲೆಯ ಮೇಲೆ ಬೇಡವೆಂದು ಮನೆಯಾಕೆ ಕಡ್ಡಿಮುರಿದಂತೆ ಹೇಳಿದುದರಿಂದ ಹಿತ್ತಲಲ್ಲಿ ಮೂರು ಕಲ್ಲು ಹೂಡಿದೆ. ಮರುವರ್ಷವೂ ಎರಡು ಬಾರಿ ಆ ಒಲೆ ಹೊತ್ತಿಸಬೇಕಾಯಿತು. ಸಾಕುವವನ ಕೆಲಸಗಳಲ್ಲಿ ಇದೂ ಒಂದೆಂದು ಯಾರೂ ಮೊದಲೇ ಹೇಳಿರಲಿಲ್ಲ. ಅಂದಿನಿಂದ ತೊಟ್ಟಿಯ ಜಾಲರಿ ಮುಚ್ಚಳದ ಮೇಲೆ ಎರಡು ಇಟ್ಟಿಗೆಗಳನ್ನು ಇಟ್ಟೆ. ಈ ಹುಳುಗಳು ಗಾಜನ್ನು ಏರಬಲ್ಲವು, ಸಡಿಲವಾದ ಮುಚ್ಚಳವನ್ನು ಎತ್ತಬಲ್ಲವು.

ಆ ಚಳಿಗಾಲದಲ್ಲಿ ಶಾಲೆಯ ಪ್ರವಾಸ ಶಿಗ್ಗಾಂವಿ ತಾಲೂಕಿನ ಬಾಡಕ್ಕೆ, ಕನಕದಾಸರ ಹುಟ್ಟೂರಿಗೆ ಹೋಗಿ, ಅಲ್ಲಿಂದ ಸವಣೂರಿಗೆ ಬಂದಿತು. ಸವಣೂರಿನ ದೊಡ್ಡ ಹುಣಿಸೆಮರಗಳನ್ನು ನೋಡದವರು ವಿರಳ. ಹೆಸರಿಗೆ ಹುಣಿಸೆ, ನಿಜದಲ್ಲಿ ಅವು ಆಫ್ರಿಕದ ಬಾವೊಬಾಬ್ ಮರಗಳು. ಹತ್ತಾರು ಮಕ್ಕಳು ಕೈಹಿಡಿದು ನಿಂತು ಬೊಡ್ಡೆಯನ್ನು ಅಪ್ಪಿದರು. “ಇದೂ ಅಲ್ಲಿಂದನ ಬಂದೈತಲ್ರಿ ಸರ, ಇದ ಯಾಕ ಕಾಟಾ ಕೊಡೂದಿಲ್ಲ?” ಎಂದಳು ನಮ್ಮ ಹುಡುಗಿ. ಒಳ್ಳೆಯ ಪ್ರಶ್ನೆ. ಪರನಾಡಿನದೆಂದ ಮಾತ್ರಕ್ಕೆ ಯಾವುದೂ ಕೆಟ್ಟದಲ್ಲ. ಆ ಮರ ಬಂದು ನಿಂತಲ್ಲಿಯೇ ನಿಂತಿತು. ಶತಮಾನಗಳು ಕಳೆದರೂ ಊರನ್ನೆಲ್ಲ ತನ್ನದಾಗಿಸಿಕೊಳ್ಳಲಿಲ್ಲ. ಹುಳುವೋ ವರ್ಷಕ್ಕೆ ಹಲವು ಬಾರಿ ನೂರುಗಟ್ಟಲೆ ಮೊಟ್ಟೆಯಿಡುತ್ತದೆ. ತನ್ನ ನಾಡಿನ ವೈರಿಗಳನ್ನು ಹಿಂದೆ ಬಿಟ್ಟು ಬಂದಿದೆ. ತಪ್ಪು ಅದರ ಸ್ವಭಾವದಲ್ಲಿಲ್ಲ. ಹೊತ್ತು ತಂದು ಬಿಟ್ಟವರ ಮರೆವಿನಲ್ಲಿದೆ.

ಆ ಮರೆವು ಎಲ್ಲಿಯವರೆಗೆ ಹೋದೀತೆಂಬುದಕ್ಕೆ ಹವಾಯಿಯೇ ಸಾಕ್ಷಿ. ಅಲ್ಲಿ ಈ ಆಫ್ರಿಕದ ಹುಳು ಹಬ್ಬಿದಾಗ, ಅದನ್ನು ತಿನ್ನಲೆಂದು ೧೯೫೫ರಲ್ಲಿ ಬೇಟೆಗಾರ ಜಾತಿಯ ಮತ್ತೊಂದು ಬಸವನಹುಳುವನ್ನು ತರಿಸಿ ಬಿಟ್ಟರು. ಅದು ಬಂದು ದ್ವೀಪದ ಸ್ವಂತ ಹುಳುಗಳನ್ನು, ಮರದ ಮೇಲೆ ಬಾಳುವ ಚೆಲುವಾದ ಪುಟ್ಟ ಹುಳುಗಳನ್ನು, ತಿಂದಿತು. ಅವುಗಳಲ್ಲೊಂದು ಜಾತಿಯ ಕೊನೆಯ ಜೀವವನ್ನು ಜಾರ್ಜ್ ಎಂಬ ಹೆಸರಿಟ್ಟು ವಿಜ್ಞಾನಿಗಳು ಗಾಜಿನ ಪೆಟ್ಟಿಗೆಯಲ್ಲಿ ಸಾಕಿದರು. ೨೦೧೯ರ ಜನವರಿ ೧ರಂದು ಅದು ತೀರಿಕೊಂಡಿತು. ಅದರೊಡನೆ ಆ ಜಾತಿಯೇ ಅಳಿಯಿತು. ನನ್ನದೂ ಗಾಜಿನ ತೊಟ್ಟಿ, ಅವರದೂ ಗಾಜಿನ ಪೆಟ್ಟಿಗೆ. ಒಂದು ಹೊರಗಿನ ಲೋಕವನ್ನು ಕಾಯಲು, ಇನ್ನೊಂದು ಒಳಗಿನ ಜೀವವನ್ನು ಕಾಯಲು. ಎರಡರ ಮುಚ್ಚಳವೂ ಬೀಳಬೇಕಾದುದು ಮೊದಲು ಯಾರೋ ಮುಚ್ಚಳ ತೆರೆದುದರಿಂದ.

ಇದನ್ನೋದಿ ಯಾರಾದರೂ ಹುಳುವನ್ನು ಸಾಕಲು ಬಯಸಿದರೆ ಅವರಿಗೆ ನನ್ನ ಮಾತು ಇಷ್ಟು. ಉದ್ದನೆಯ ಮೊನಚಾದ ಚಿಪ್ಪಿನ, ಕಂದುಪಟ್ಟೆಗಳ ದೊಡ್ಡ ಹುಳುವನ್ನು ಮನೆಗೆ ತರಬೇಡಿರಿ. ಇಲಿಯ ಶ್ವಾಸಕೋಶದಲ್ಲಿ ಬಾಳುವ ಒಂದು ಜಂತುವಿನ ಮರಿಗಳು ಅದರ ಮೈಯಲ್ಲಿರಬಹುದು. ಅವು ಮನುಷ್ಯನ ಹೊಟ್ಟೆ ಸೇರಿದರೆ ಮಿದುಳಿನ ಪೊರೆಗೆ ಬೇನೆ ತರುತ್ತವೆ. ಆದುದರಿಂದ ಬರಿಗೈಯಿಂದ ಮುಟ್ಟಬಾರದು. ಮುಟ್ಟಿದರೆ ಸಾಬೂನಿನಿಂದ ತೊಳೆಯಬೇಕು. ಹೀಗೆಂದು ತಿಳಿದ ದಿನದಿಂದ ನಮ್ಮ ಮಕ್ಕಳು ಗಾಜಿನ ಹೊರಗಿನಿಂದಲೇ ನೋಡಿದರು. ಮಳೆಗಾಲದಲ್ಲಿ ಬೇಲಿಯ ಮೇಲೆ ಕಾಣುವ, ತೆಳುಚಿಪ್ಪಿನ ಗುಂಡನೆಯ ನಮ್ಮ ನಾಡಹುಳುಗಳನ್ನು ಅವು ಇದ್ದಲ್ಲಿಯೇ ಕುಳಿತು ನೋಡಿದರೆ ಇನ್ನೂ ಲೇಸು.

ನಾಲ್ಕನೆಯ ಮಳೆಗಾಲದ ಕೊನೆಗೆ ನನ್ನ ಹುಳು ಉಣ್ಣುವುದನ್ನು ಬಿಟ್ಟಿತು. ಒಂದು ಬೆಳಿಗ್ಗೆ ನೀರು ಚಿಮುಕಿಸಿದರೂ ಕೊಂಬು ಚಾಚಲಿಲ್ಲ. ಎರಡು ದಿನ ಕಾದೆ. ಆ ಮ್ಯೂಜಿಯಮ್ಮಿನ ಹುಳು ನೆನಪಿತ್ತಲ್ಲ. ಮೂರನೆಯ ದಿನ ಸಂಶಯ ಉಳಿಯಲಿಲ್ಲ.

ಆ ಹುಡುಗಿ ಆಗ ಹತ್ತನೆಯ ಇಯತ್ತೆ. ಸುದ್ದಿ ಕೇಳಿ ಬಂದಳು. ಕುದಿಸಿ ತೊಳೆದಿಟ್ಟ ಚಿಪ್ಪನ್ನು ಕೈಯಲ್ಲಿ ಹಿಡಿದು, ಆ ಬಿಳಿಯ ಗೆರೆಯ ಮೇಲೆ ಬೆರಳಾಡಿಸಿದಳು. “ಇಲ್ಲೇ ಒಡದಿತ್ತಲ್ರಿ ಸರ?” ಅಹುದೆಂದೆ. ಚಿಪ್ಪನ್ನು ತನ್ನ ಊಟದ ಡಬ್ಬಿಯಲ್ಲಿಟ್ಟು, ಮುಚ್ಚಳವನ್ನು ಭದ್ರವಾಗಿ ಒತ್ತಿ, ಮನೆಗೆ ಹೊರಟಳು.